ಸರಪಳಿಯ ಇನ್ನೊಂದು ತುದಿ

ಅಪ್ಪ ನೆಲ ಅಳೆಯುತ್ತಿದ್ದ, ಲೈಡನ್ನಿನ ಆಚೆ,
ಕಡಲ ಬಾಯಿಂದ ಕಿತ್ತು ತಂದ ಜೌಗು ನೆಲ.
ಸರಪಳಿಯ ಇನ್ನೊಂದು ತುದಿ ಹಿಡಿದವಳು ನಾನು,
ನೇಲ್ಟ್ಯೆ, ಮೊಣಕಾಲ ತನಕ ಕೆಸರು.

ಕೋಲಿಗೆ ಹನ್ನೆರಡು ಅಡಿ, ಅಡಿಗೆ ಹನ್ನೆರಡು ಹೆಬ್ಬೆರಳು,
ಹೆಬ್ಬೆರಳಿಗೆ ಮತ್ತೆ ಕಾಲು, ಅರೆಕಾಲು, ವೀಸ.
ಭಿನ್ನರಾಶಿ ಕೂಡಿಸಬೇಕಾದಾಗೆಲ್ಲ ಅಪ್ಪ
ಹಲ್ಲುನೋವಿನವನ ಹಾಗೆ ದವಡೆ ಹಿಡಿದು ಕೂರುತ್ತಿದ್ದ.

ಆ ವರ್ಷ ಪೇಟೆಯಿಂದ ಹೊಸ ಲೆಕ್ಕ ಬಂತು:
ಎಲ್ಲವನ್ನೂ ಹತ್ತಾಗಿ ಸೀಳು, ಸೀಳನ್ನು ಮತ್ತೆ ಹತ್ತಾಗಿ.
ಚುಕ್ಕಿ ಇನ್ನೂ ನಮ್ಮೂರಿಗೆ ಬಂದಿರಲಿಲ್ಲ;
ಒಂದೊಂದು ಅಂಕಿಯ ಪಕ್ಕಕ್ಕೂ ಪುಟ್ಟದೊಂದು ಬಳೆ,
ಬಳೆಯೊಳಗೆ ಅದು ಎಷ್ಟನೆಯ ಸೀಳೆಂಬ ಗುರುತು.
ನೆರೆಯವರು ಮೂಗು ಮುರಿದರು.
"ಅಂಕಿಗಳೇ ನಮ್ಮವಲ್ಲವಲ್ಲ," ಅಂದ ಅಪ್ಪ,
"ಮೆಣಸು ಬರುವ ಕಡೆಯಿಂದ ಬಂದವು, ಅರಬರ ಮೂಟೆಯಲ್ಲಿ.
ಮೊದಲು ಕೆಮ್ಮಿದೆವು. ಈಗ ಅದಿಲ್ಲದೆ ಸಾರು ಇಳಿಯುತ್ತದೆಯೇ?"
ಹಳೆಯ ಕೋಲನ್ನೇ ತಿರುಗಿಸಿ, ಬೆನ್ನಿಗೆ ಹತ್ತು ಕಚ್ಚು ಕೆತ್ತಿದ.

ಗಿರಣಿಯ ಗೈಸ್ಬ್ರೆಖ್ಟ್ ಸತ್ತ. ಮಕ್ಕಳು ಏಳು.
ನೆಲ ಸಾವಿರ ಚದರ ಕೋಲು.
ಏಳರಿಂದ ಭಾಗಿಸುತ್ತ ಅಪ್ಪ ಬೆವೆತ:
ಒಂದು ನಾಲ್ಕು ಎರಡು ಎಂಟು ಐದು ಏಳು,
ಮತ್ತೆ ಒಂದು ನಾಲ್ಕು ಎರಡು...
"ಇದು ಎಲ್ಲಿ ನಿಲ್ಲುತ್ತದೆ?"
ನಾನು ಕಿಟಕಿಯಾಚೆ ಗಾಳಿಗಿರಣಿಯ ರೆಕ್ಕೆ ತೋರಿಸಿದೆ.

ರಾತ್ರಿ ಹಲಗೆಯ ಮೇಲೆ ಆಡಿದೆ.
ಎರಡು ಪಾಲು ಕೂಡಿದರೆ ಎರಡು ಎಂಟು ಐದು ಏಳು ಒಂದು ನಾಲ್ಕು,
ಮೂರಕ್ಕೆ ನಾಲ್ಕು ಎರಡು ಎಂಟು ಐದು ಏಳು ಒಂದು.
ಅದೇ ಆರು ಮಂದಿ, ಅದೇ ಪಂಕ್ತಿ,
ಮೊದಲ ಎಲೆಗೆ ಕೂತವರು ಮಾತ್ರ ಬೇರೆ.
ಏಳನೆಯ ಪಾಲು ಸೇರಿಸಿದ್ದೇ ತಡ
ಎಲ್ಲರೂ ಎದ್ದು ಹೋಗಿ
ಬರೀ ಒಂಬತ್ತು, ಒಂಬತ್ತು, ಒಂಬತ್ತು.

ಹಿರಿಮಗ ಮೇಜು ಗುದ್ದಿದ:
"ಸಾವಿರ ಇದ್ದದ್ದು ಒಂಬೈನೂರ ತೊಂಬತ್ತೊಂಬತ್ತು ಚಿಲ್ಲರೆಯಾಯಿತು.
ಉಳಿದ ಚೂರು ಯಾರ ಜೇಬಿನಲ್ಲಿ?"
ಅಪ್ಪನ ಕಿವಿ ಕೆಂಪಾಯಿತು. ಕಳ್ಳ ಎನಿಸಿಕೊಂಡವನಲ್ಲ ಅವನು.
"ಒಂಬತ್ತುಗಳು ಮುಗಿಯುವುದೇ ಇಲ್ಲ," ಅಂದೆ ನಾನು,
"ಅವಕ್ಕೂ ಸಾವಿರಕ್ಕೂ ನಡುವೆ
ಒಂದು ಹುಲ್ಲೆಳೆ ತೂರಿಸಿ ತೋರಿಸಣ್ಣ."
ತುಂಬ ಹೊತ್ತು ಯೋಚಿಸಿದ, ಕೈಯಲ್ಲಿ ನಿಜಕ್ಕೂ ಹುಲ್ಲು ಹಿಡಿದು.
ಕಿರಿಯವಳು ಮಾಯ್ಕೆನ್ ನಕ್ಕಳು,
ಮಣ್ಣಾದ ಮೇಲೆ ಆ ಮನೆಯಲ್ಲಿ ಮೊದಲ ನಗು.

ಗೂಟ ಹೊಡೆದೆವು. ನಾನು ಸರಪಳಿ ಬಿಗಿ ಹಿಡಿದೆ.
ಪಾಲಿಗೂ ಪಾಲಿಗೂ ನಡುವೆ ಕಾಲುವೆ ತೋಡಿದರು,
ಎರಡು ಮೊಳ ಅಗಲ, ಕಣ್ಣಂದಾಜಿನಲ್ಲಿ.
ನಮ್ಮ ದಶಾಂಶಗಳೆಲ್ಲ ಅದರಲ್ಲಿ ಮುಳುಗಿದವು.
ವಾರದೊಳಗೆ ಕಪ್ಪೆಗಳು ಬಂದವು.