ಇಳಿ

ಸಾಗರದ ಬಸ್‌ಸ್ಟ್ಯಾಂಡಿನ ಹಿಂದೆ, ಗ್ಯಾಸ್ ಸ್ಟವ್ ರಿಪೇರಿಯವನ ಪಕ್ಕ,
ಎಂಟಡಿಗೆ ಹತ್ತಡಿಯ ಕೋಣೆಯಲ್ಲಿ
ಇಪ್ಪತ್ತೆರಡು ವರ್ಷದಿಂದ ಮಂದಿಯ ಮದುವೆಗಳನ್ನು
ಮಡಚುತ್ತಿದ್ದೇನೆ ನಾನು.
ನಡುವೆ ಒಂದು ಗೆರೆ ಕೊರೆದು, ಹಳೇ ಬಾಚಣಿಗೆಯ ಬೆನ್ನಿಂದ ಒತ್ತಿದರೆ
ಕಾಗದ ಸದ್ದಿಲ್ಲದೆ ಒಪ್ಪಿಕೊಳ್ಳುತ್ತದೆ.

ಕೆಮ್ಮಣ್ಣು ಅರೆದು ಸೋಸುತ್ತೇನೆ. ಅಕ್ಕಿ ನೆನೆಸಿದರೆ ಬಿಳಿ,
ಅದೇ ಅಕ್ಕಿ ಸೀದರೆ ಕಪ್ಪು.
ಪುಂಡಿ ನಾರಿನ ಕುಂಚ ನನ್ನತ್ತೆ ಕಟ್ಟಿಕೊಟ್ಟಿದ್ದು.
'ಗೋಡೆ ಮೇಲಿನ ಹಸೆಯನ್ನ
ಅಂಗೈಯಗಲಕ್ಕೆ ತಂದು ನಿಲ್ಲಿಸ್ದ್ಯಲ್ಲೇ'
ಅಂತ ಬೈದವಳೂ ಅವಳೇ,
ಬೈಯುತ್ತ ಬೈಯುತ್ತಲೇ ನಾರು ಸೀಳುತ್ತಿದ್ದಳು.

ಬರುವವರು ಬರುತ್ತಾರೆ.
ಮಾವನ ಹೆಸರು ಭಾವನಿಗಿಂತ ಮೇಲಿರಬೇಕು.
'ಉಡುಗೊರೆ ಬೇಡ' ಅನ್ನುವುದು ಇರಲಿ,
ಆದರೆ ಕನ್ನಡಕ ಹಾಕಿದರೂ ಕಾಣಬಾರದು.
ಗಣಪತಿಗೆ ಬಂಗಾರದ ಬಣ್ಣ ಸಾಲದು.
ನಾನು ಹೂಂ ಅನ್ನುತ್ತೇನೆ.
ಜುಬೇದಾ ಒಳಗೆ ಕಾಗದದಂಚು ಕತ್ತರಿಸುತ್ತ ನಗು ತಡೆಯುತ್ತಾಳೆ.

ಅವಳು ಮಾತ್ರ ಬಂದು 'ಹನ್ನೊಂದು ಸಾಕು' ಅಂದಳು.
ಹಿಂದೆ, ಬಾಗಿಲಾಚೆ, ಚಪ್ಪಲಿ ಬಿಡಲೋ ಬೇಡವೋ ಅನ್ನುತ್ತ
ಹೂವಪ್ಪ. ಲಾಂಚಿನಲ್ಲಿ ಹಗ್ಗ ಎಸೆಯುತ್ತಿದ್ದವನು,
ಸೇತುವೆಯಾದ ಮೇಲೆ
ಇನ್ನೂ ಕೈಗೆ ಕೆಲಸ ಹುಡುಕುತ್ತಿರುವವನು.

ಮಾದರಿಯ ಪುಸ್ತಕ ಕೊಟ್ಟೆ, ಎಲ್ಲರಿಗೂ ಕೊಡುವ ಹಾಗೆ.
ಮಾಡಿದ್ದರಲ್ಲಿ ಒಂದೊಂದನ್ನು ಅಂಟಿಸಿಟ್ಟ ದಪ್ಪ ಪುಸ್ತಕ.
ಹಾಳೆ ತಿರುವಿದಳು. ಜೋಗಿಜಡೆ, ಬಾಸಿಂಗ,
ದಂಡಿಗೆಯಲ್ಲಿ ಕೂತ ಗೀಟುಗಳ ಗಂಡು ಹೆಣ್ಣು.
ತಿರುವುತ್ತಿದ್ದ ಬೆರಳು ಒಂದು ಕಡೆ ನಿಂತಿತು.

ನನಗೆ ಆಗ ಹೊಳೆಯಿತು.
ಏಳು ವರ್ಷದ ಹಿಂದೆ, ವೈಶಾಖದಲ್ಲಿ, ಆರುನೂರು ಪ್ರತಿ.
ಗುತ್ಯಪ್ಪ, ಅವಳಪ್ಪ, ಮುಂಗಡ ಕೊಟ್ಟು ಪ್ರೂಫಿಗೆ ರುಜು ಹಾಕಿದ್ದ.
ಪಕ್ಕದ ಹೆಸರು ನಾನು ಓದಲಿಲ್ಲ.
ಸುದ್ದಿ ಆಗಲೇ ಕೇಳಿದ್ದೆ, ಮೂರು ವರ್ಷವಾಯಿತು.
ಪುಸ್ತಕ ಎಳೆದುಕೊಳ್ಳಲು ಕೈ ಚಾಚಿದೆ.

'ಇರ್ಲಿ' ಅಂದಳು. 'ನೋಡಿ ಇಲ್ಲಿ,
ರ-ಕ್ಕೆ ಇಳಿ ಬಿಟ್ಟಿದ್ದೀರಿ.'

ಶರವತಿ.

ಅಂದು ರಾತ್ರಿ ಹದಿನೆಂಟು ಮದುವೆ ಮೇಜಿನ ಮೇಲಿದ್ದವು,
ಕರೆಂಟು ಎರಡು ಸಲ ಹೋಗಿತ್ತು,
ಇವೆಲ್ಲ ನನ್ನ ಬಾಯಿತನಕ ಬಂದವು.
ಮುಳುಗಿದ ಊರಿನವರು ಮಗಳಿಗೆ ಹೊಳೆಯ ಹೆಸರಿಟ್ಟರು,
ನಾನು ಹೊಳೆಯಿಂದ ಇಳಿಯನ್ನೇ ತೆಗೆದು
ಆರುನೂರು ಮನೆಗೆ ಹಂಚಿದೆ.
ಯಾರೂ ಹೇಳಲಿಲ್ಲ.
'ತಿದ್ದಿ ಬಿಡ್ತೇನಮ್ಮ, ಈಗಲೇ' ಅಂದು ಕುಂಚ ತೆಗೆದೆ.

'ಬೇಡ.
ಅವ ನನ್ನ ಹಾಂಗೇ ಕರೀತಿದ್ದ, ಕೊನೇತನಕ.
ಕಾರ್ಡಲ್ಲಿ ಇದ್ದದ್ದೇ ಸರಿ ಅಂತ ಹಟ, ಗೇಲಿ.
ಅದು ಅಲ್ಲಿ ಹಾಂಗೇ ಇರ್ಲಿ.
ಇದ್ರಲ್ಲಿ ಮಾತ್ರ ಸರಿಯಾಗಿ ಬರೀರಿ.'

ಹೊರಗೆ ಹೂವಪ್ಪ ಕೊನೆಗೂ ಚಪ್ಪಲಿ ಬಿಟ್ಟಿದ್ದ.
ಒಳಗೆ ಬಂದು, ಬಗ್ಗಿ, ಆ ಹಳೇ ಕಾರ್ಡನ್ನು
ನೆಂಟರ ಮನೆಯ ಫೋಟೊ ನೋಡುವ ಹಾಗೆ
ನಿಧಾನಕ್ಕೆ ನೋಡಿದ.
'ಬಣ್ಣ ಸ್ವಲ್ಪವೂ ಮಾಸಿಲ್ಲ' ಅಂದ.

ಹನ್ನೊಂದನ್ನೂ ಕೈಯಲ್ಲೇ ಬರೆದೆ, ಅಚ್ಚಿಗೆ ಕಳಿಸಲಿಲ್ಲ.
ಹೆಸರು ಬಂದಲ್ಲಿ ಕುಂಚ ಅವಳಿಗೆ ಕೊಟ್ಟೆ.
ನಾಲಿಗೆ ತುದಿ ಹಲ್ಲಿನ ನಡುವೆ ಕಚ್ಚಿ,
ಒಂದನೇ ತರಗತಿಯ ಸ್ಲೇಟಿನ ಮುಂದೆ ಕೂತವಳ ಹಾಗೆ
ಹನ್ನೊಂದು ಸಲ ಆ ಒಂದೇ ಗೀಟು ಎಳೆದಳು.
ಆರನೆಯದು ಕೈ ನಡುಗಿ ಸೊಟ್ಟಗಾಯಿತು.
ಅದನ್ನು ನಾನು ಇಟ್ಟುಕೊಳ್ಳಲೇ ಅಂದೆ, ಪುಸ್ತಕಕ್ಕೆ.
'ಅದು ಇವರ ಅವ್ವಂಗೆ' ಅಂದಳು, 'ಅವಳಿಗೆ ಓದೋಕೆ ಬರಲ್ಲ.'

ಅರಿಶಿನ ಹಚ್ಚಬಹುದೋ ಇಲ್ಲವೋ
ಅಂತ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.
ಜುಬೇದಾ ಎದ್ದು ಹೋಗಿ
ಪಕ್ಕದಂಗಡಿಯಿಂದ ಎರಡು ರೂಪಾಯಿಯ ಪೊಟ್ಟಣ ತಂದಳು,
ನೀರಲ್ಲಿ ಕಲಸಿ ಮೇಜಿನ ಮೇಲಿಟ್ಟು
ಮತ್ತೆ ಕತ್ತರಿ ಹಿಡಿದಳು.

ಗೀಟು ಇನ್ನೂ ಹಸಿ.
ಫ್ಯಾನು ಆರಿಸಿ, ಸೆಖೆಯಲ್ಲಿ, ನಾವು ನಾಲ್ವರು
ಮಾತಿಲ್ಲದೆ ಕಾಯುತ್ತ ಕೂತೆವು.