ಠರಾವಿನ ಪ್ರಕಾರ

ಮಂಡಕ್ಕಿ ಭಟ್ಟಿಗಳ ನಡುವೆ ನಮ್ಮ ಸಂಘದ ಆಫೀಸು:
ಒಂದು ಟೇಬಲ್ಲು, ಒಂದು ಫ್ಯಾನು, ಒಂದು ಕಂಪ್ಯೂಟರು.
ಕೀಬೋರ್ಡಿನ ಸಂದಿಯಲ್ಲಿ ಹೊಟ್ಟಿನ ಬೂದಿ,
ದಿನಾ ಊದಿ ಕೂರುತ್ತೇನೆ.

ರಾತ್ರಿಯೆಲ್ಲ ಬಂದಿರುತ್ತವೆ ಇನ್ನೂರು, ಇನ್ನೂರ ಮೂವತ್ತು.
ಯಾವುದೋ ದೇಶದ ವಿಧವೆ ಗಂಡನ ಚಿನ್ನವನ್ನೆಲ್ಲ
ದಾವಣಗೆರೆಯ ಮಂಡಕ್ಕಿಯವರ ಹೆಸರಿಗೇ ಬರೆದಿದ್ದಾಳೆ.
ತಲೆಗೂದಲಿಗೆ ಎಣ್ಣೆ, ಜಾಮೀನಿಲ್ಲದ ಸಾಲ,
ಪ್ರಿಯ ಗ್ರಾಹಕರೇ, ನಿಮ್ಮ ಖಾತೆ ಇಂದು ಸಂಜೆ ಸಾಯುತ್ತದೆ.
ಮೊದಮೊದಲು ಒಂದೊಂದಕ್ಕೂ ಉತ್ತರ ಬರೆದೆ,
ಬೇಡವೆಂದು, ವಂದನೆಗಳೊಂದಿಗೆ.
ಬಾಗಿಲು ತೆಗೆದು ಬೇಡ ಅಂದರೆ
ಮನೆಯಲ್ಲಿ ಜನ ಇದ್ದಾರೆಂದು ತಿಳಿಯಿತಲ್ಲ ಅವರಿಗೆ.
ನೂರಿದ್ದದ್ದು ಇನ್ನೂರಾಯಿತು.

ಅದರಡಿ ಹುಬ್ಬಳ್ಳಿಯ ಆರ್ಡರೊಂದು ಮುಳುಗಿ
ನಲವತ್ತು ಮೂಟೆ ತಪ್ಪಿದಾಗ ಸಭೆ ಕರೆದರು.
ಕಸ ಅಂದರೆ ಯಾವುದು, ಮೊದಲು ಅದನ್ನು ಬರಕೋ ಕೊಟ್ರಮ್ಮ,
ಅಂದರು ಅಧ್ಯಕ್ಷರು ಚಮನ್ ಸಾಬ್.

ಕೇಳದೆ ಬಂದದ್ದು, ಅಂದ ಹೊನ್ನೂರಪ್ಪ.
ನಿನ್ನ ಮಗಳ ಲಗ್ನಪತ್ರಿಕೆ ನಾವು ಕೇಳಿದ್ವೇನೋ, ಮೂಲೆಯಿಂದ ಯಾರೋ.
ನಕ್ಕರು. ಬರಕೊಂಡೆ.
ಎಲ್ಲರಿಗೂ ಒಂದೇ ಮಾತು ಹೇಳೋದು, ಅಂದರು ಲೆಕ್ಕದ ಬಕ್ಕೇಶಪ್ಪ.
ಕಾಟನ್ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ದುಡಿದ ದಾದಾಪೀರ್ ತಲೆಯೆತ್ತಿದರು:
ಸೈರನ್ನೂ ಊರಿಗೆಲ್ಲ ಒಂದೇ ಕೂಗು ಕೂಗುತಿತ್ತು.
ಅದು ಕೇಳಿ ಹೆಂಗಸರು ಒಲೆ ಹಚ್ಚೋರು.
ನಿಂತಾಗ ಓಣಿಗೆ ಓಣಿಯೇ ಕಿವುಡಾಯ್ತು.
ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
ಮಿರ್ಚಿ ಬಂತು. ತಿಂದರು. ಅದನ್ನೂ ಬರಕೋ ಅಂದರು.
ಹೆಸರು ಹೇಳದೆ ಬಂದದ್ದು, ಇದು ಮೂರನೆಯದು,
ಇದಕ್ಕೆ ಎದುರು ಮಾತಿಲ್ಲ.
ಮೂರೂ ಕೂಡಿದರೆ ಕಸ.
ಠರಾವು ಪಾಸಾಯಿತು, ಎಣ್ಣೆಗೈಯಲ್ಲೇ ಸಹಿ.

ಕಂಪ್ಯೂಟರಿಗೆ ಹೇಳಿಕೊಟ್ಟೆ. ಬೇಗ ಕಲಿಯಿತು.
ಬೆಳಗು ಖಾಲಿ ಖಾಲಿ: ಹನ್ನೊಂದು, ಹನ್ನೆರಡು ಕಾಗದ,
ಎಲ್ಲವೂ ಮೂಟೆಯದೇ ಲೆಕ್ಕ.

ಒಂದು ಮಧ್ಯಾಹ್ನ ಕರೆಂಟು ಹೋಗಿ ಪಕ್ಕದ ಭಟ್ಟಿಗೆ ಹೋದೆ.
ಖೈರುನ್‌ಬಿ ಜರಡಿ ಹಿಡಿದಿದ್ದಳು.
ಕಾದ ಮರಳು ಕೆಳಗೆ, ಅರಳಿದ್ದು ಮೇಲೆ,
ಕಣ್ಣು ಮಾತ್ರ ರಸ್ತೆಯ ಕಡೆ.
ಇಳಿದ ಮರಳನ್ನು ಸರಿಸುವ ಮುಂಚೆ
ಬರಿಗೈ ಹಾಕಿ ಒಮ್ಮೆ ಆಡಿಸಿದಳು.
ಸುಡಲ್ವಾ ಖಾಲಾ, ಅಂದೆ.
ಜರಡಿಗೆ ಅದರ ತೂತಷ್ಟೇ ಗೊತ್ತು, ಅಂದಳು.
ಮುಷ್ಟಿ ಬಿಚ್ಚಿದರೆ ನಾಲ್ಕು ಸಣ್ಣ ಕಾಳು, ಅರಳಿದ್ದವು.
ಬಾಯಿಗೆ ಹಾಕಿಕೊಂಡಳು.

ಕರೆಂಟು ಬಂದ ಮೇಲೆ ಕಸದ ಡಬ್ಬಿ ತೆರೆದೆ.
ನಾಲ್ಕು ಸಾವಿರ ಚಿಲ್ಲರೆ.
ವಿಧವೆಯ ಕೆಳಗೆ, ಎಣ್ಣೆಯ ಕೆಳಗೆ, ಹತ್ತೊಂಬತ್ತು ದಿನ ಹಿಂದಿನದು,
ಇಂಗ್ಲಿಷ್ ಅಕ್ಷರದಲ್ಲಿ ಕಷ್ಟಪಟ್ಟು ಒತ್ತಿದ ಕನ್ನಡ:
ಸಾರ್, ನಿಮ್ಮ ಭಟ್ಟೀಲಿ ನಮ್ಮಣ್ಣ ಇದಾನಾ.
ಮಾತು ತೊದಲು. ಎಡ ಮೊಣಕೈ ಸುಟ್ಟ ಗುರುತು.
ಸಿಟ್ಟು ಮಾಡಿ ಹೋದ.
ಅವ್ವ ಈಗ ಬೈಯಲ್ಲ ಅಂತ ಹೇಳಿ.
ಮೇಲಿನ ಸಾಲಿನಲ್ಲಿ ಹರಿಹರ, ರಾಣೆಬೆನ್ನೂರು, ಗದಗ, ಚಳ್ಳಕೆರೆ,
ಸಿಕ್ಕ ಸಿಕ್ಕ ವಿಳಾಸಕ್ಕೆಲ್ಲ ಅದೇ ಕಾಗದ.
ಕೆಳಗೆ ಹೆಸರಿಲ್ಲ.

ಕೇಳದೆ ಬಂದದ್ದು. ಎಲ್ಲರಿಗೂ ಒಂದೇ. ಹೆಸರಿಲ್ಲದ್ದು.
ಠರಾವಿನ ಪ್ರಕಾರ ಕಂಪ್ಯೂಟರಿನ ತಪ್ಪೇನಿರಲಿಲ್ಲ.

ಪ್ರಿಂಟು ಹಿಡಿದು ಭಟ್ಟಿ ಭಟ್ಟಿ ತಿರುಗಿದೆ.
ತೊದಲುವವರು ಇಬ್ಬರಿದ್ದರು.
ಮೊಣಕೈ ಸುಟ್ಟವರು ಎಲ್ಲರೂ.
ಅಂಥವನೊಬ್ಬ ಇದ್ದ, ಅಂದರು ಕೊನೆಯ ಸಾಲಿನಲ್ಲಿ,
ಹೋದ ವಾರ ಲಾರಿ ಹತ್ತಿದ, ಎಲ್ಲಿಗೆ ಅಂತ ಕೇಳಲಿಲ್ಲ.

ಈಗ ಡಬ್ಬಿ ಚೆಲ್ಲುವ ಮುಂಚೆ ಒಮ್ಮೆ ಕೈಯಾಡಿಸುತ್ತೇನೆ.
ಸುಡುವುದಿಲ್ಲ, ಸಂಜೆ ಒಂದು ತಾಸು ಹೋಗುತ್ತದೆ ಅಷ್ಟೇ.
ಆ ಮಗುವಿಗೆ ತಿಳಿದಷ್ಟನ್ನೇ ಬರೆದೆ.
ಅಭ್ಯಾಸಬಲ, ಮಾನ್ಯರೇ ಅಂತ ಶುರು ಮಾಡಿ
ಕೊನೆಗೆ ಸಂಘದ ಹೆಸರು, ನೋಂದಣಿ ಸಂಖ್ಯೆ.
ಉತ್ತರವಿಲ್ಲ.
ಯಾರದೋ ಮೊಬೈಲಿನಲ್ಲಿ, ಯಾವ ಎಣ್ಣೆಯ ಕೆಳಗೆ,
ಯಾವ ವಿಧವೆಯ ಪಕ್ಕ ಬಿದ್ದಿದೆಯೋ
ನನ್ನ ಕಾಗದ.