ನಾಣ್ಯದ ಸದ್ದು

ಚಿಖಲಿಯ ಇಳಿಜಾರಿನಲ್ಲಿ, ಹಲಸಿನ ಮರದ ಬುಡಕ್ಕೆ,
ಹರಿದ ನೀಲಿ ತಾಡಪತ್ರಿ ಹೊದ್ದು
ಆರು ಮಳೆಗಾಲ ಮಲಗಿತ್ತು ಅದು.
ಹದಿನಾಲ್ಕು ಅಡಿ. ಫೈಬರ್ ಮೈ.
ಒಂದು ಕಾಲಕ್ಕೆ ಕೆಂಪು,
ಈಗ ಮುಟ್ಟಿದರೆ ಅಂಗೈಗೆ ಹತ್ತುವ
ಸುಣ್ಣ ಬೆರೆತ ಗುಲಾಬಿ.

ಎರ್ಮೆಲಿಂದಾ ಬಾಯಿ ಹೇಳಿದ್ದು ಐವತ್ತು ಸಾವಿರ.
"ಎಂಜಿನ್ ಯಮಹಾ," ಎಂದಳು,
ಯಮಹಾ ಎಂದರೆ ಮುಗಿಯಿತು ಎನ್ನುವ ಹಾಗೆ.
ಹಗ್ಗ ಎಳೆದೆ. ಬರಲಿಲ್ಲ.
ಮತ್ತೆ ಎಳೆದೆ. ನನ್ನ ಭುಜವೇ ಬರುವುದಿತ್ತು.

ನಾನು ನೀರಿನ ಟ್ಯಾಂಕರಿನ ಡ್ರೈವರ್.
ಇಪ್ಪತ್ತೆರಡು ವರ್ಷ
ಬೈನಾದಿಂದ ಬೋಗ್ಮಾಳೊವರೆಗೆ
ಕಡಲಿನ ಮಗ್ಗುಲಲ್ಲೇ ಸಿಹಿನೀರು ಹೊತ್ತವನು.
ಮೊಣಕಾಲಿನಿಂದ ಮೇಲೆ ಕಡಲು ನನಗೆ ಗೊತ್ತಿಲ್ಲ.
ದೋಣಿಯಂತೂ ಇಲ್ಲವೇ ಇಲ್ಲ.
ಆದರೆ ಗಡಿಗೆ ಗೊತ್ತು.
ಇಳಕಲ್ಲಿನ ಸಂತೆಯಲ್ಲಿ ನಮ್ಮ ಆಯಿ
ಹತ್ತು ಗಡಿಗೆ ಗೆಣ್ಣಿನಿಂದ ಬಡಿದು, ಕಿವಿ ಕೊಟ್ಟು,
ಒಂದನ್ನು ಎತ್ತಿಕೊಳ್ಳುತ್ತಿದ್ದಳು.
ದೂರದಲ್ಲಿ ಅವಳ ಸೀರೆ ಕಂಡರೇ ಕುಂಬಾರ
ಬಿರುಕು ಬಿಟ್ಟವನ್ನು ಹಿಂದಕ್ಕೆ ಸರಿಸುತ್ತಿದ್ದ.

ಜೇಬಿನಿಂದ ಎರಡು ರೂಪಾಯಿ ತೆಗೆದೆ.
ಮೂತಿಯಿಂದ ಶುರು:
ಠಕ್, ಠಕ್.
ಪಕ್ಕೆ: ಠಕ್.
ಎಂಜಿನ್ ಜೋತುಬಿದ್ದ ಹಿಂದಲಗೆಗೆ ಬಂದಾಗ
ಬದ್.
ಒದ್ದೆ ಗೋಣಿಗೆ ಬಡಿದಂತೆ,
ಬದ್.
ಬಾಯಿಗೂ ಕೇಳಿಸಿತು.
ಅಲ್ಲಿಂದಾಚೆ ಇಬ್ಬರೂ
ನಾಣ್ಯದ ಭಾಷೆಯಲ್ಲೇ ಮಾತಾಡಿದೆವು.

ಮೂವತ್ತೊಂದು ಸಾವಿರ. ಟ್ರಾಲಿ ಸೇರಿ,
ಸ್ಟಿಯರಿಂಗ್ ಚಕ್ರ ಬಿಟ್ಟು.
"ಅದೊಂದು ಕೊಡುವುದಿಲ್ಲ,"
ಒಳಗಿನಿಂದ ಪಾನಾ ತಂದು ತಾನೇ ಬಿಚ್ಚಿದಳು.
ಯಾಕೆಂದು ಕೇಳಲಿಲ್ಲ.
ಕೇಳಿದ್ದರೆ ಮೂವತ್ತೆರಡು ಆಗಬಹುದಿತ್ತು.

ಝುವಾರಿನಗರದ ಓಣಿಗೆ ಅದು ಹಿಂದುಮುಂದಾಗಿ ಬಂತು.
ಶಿವಲೀಲಾ ಬಾಗಿಲಲ್ಲಿ ನಿಂತು:
"ಈಜಾಕ ಬರ್ತದೇನು ನಿಮಗ?"
ಇಲ್ಲ.
"ಮೀನ ತಿಂತೀರೇನು?"
ಇಲ್ಲ.
"ಮತ್ತ?"
ಈ ಮತ್ತಕ್ಕೆ ಇನ್ನೂ ಉತ್ತರ ಹುಡುಕುತ್ತಿದ್ದೇನೆ.

ಹಾಲಿನ ಲೆಕ್ಕದ ವಹಿಯಲ್ಲಿ, ಹಿಂದಿನ ಪುಟದಿಂದ:
ರೆಸಿನ್, ಹಾರ್ಡನರ್, ಗಾಜಿನ ಮ್ಯಾಟು,
ಪ್ಲೈವುಡ್ ಅರ್ಧ ಶೀಟು (ಅವನು ಇಡೀದೇ ಕೊಟ್ಟ),
ಗುಜರಿಯಿಂದ ಮಾರುತಿ ಕಾರಿನ ಚಕ್ರ ನೂರಾ ಎಂಬತ್ತು,
ಕಾಗದಪತ್ರಕ್ಕೆ ಮೂರು ಸಲ ಪಣಜಿ,
ಮೂರೂ ಸಲ ಸಾಹೇಬರು ಊಟಕ್ಕೆ ಹೋಗಿದ್ದರು.
ಮೆಕ್ಯಾನಿಕ್ ಕಾಯ್ತಾನ ಸಿಲಿಂಡರಿಗೆ ಡೀಸೆಲ್ ಸುರಿದು
"ಅಮಾವಾಸ್ಯೆವರೆಗೆ ಮುಟ್ಟಬೇಡ," ಎಂದ.
ಕ್ರಿಸ್ತರವನಿಗೆ ಅಮಾವಾಸ್ಯೆ ಯಾಕೋ.
ಮುಟ್ಟಲಿಲ್ಲ.

ನೆಲ ಕೊಯ್ದೆ.
ಮುಳುಗದಿರಲಿ ಎಂದು ಒಳಗೆ ತುಂಬಿದ್ದ ಹಳದಿ ಸ್ಪಂಜು
ತಾನೇ ನೀರು ಕುಡಿದು ಕೂತಿತ್ತು.
ಹಿಂಡಿದೆ. ಹನ್ನೊಂದು ಬಕೆಟ್ಟು.
ಬಾಯಿ ಹೇಳದಿದ್ದದ್ದು,
ಬಾಯಿಗೂ ಗೊತ್ತಿರದಿದ್ದದ್ದು,
ಹಲಸಿನ ಎಲೆಯ ಬಣ್ಣ ಇಳಿದ ಆರು ಮಳೆಗಾಲ.
ಜನ್ಮದಲ್ಲಿ ಮೊದಲ ಸಲ
ನೀರು ಕೊಂಡುತಂದಿದ್ದೆ ನಾನು.

ಇವತ್ತು ಭಾನುವಾರ. ಮೇ ತಿಂಗಳ ಕೊನೆ.
"ನೀರಿಗೆ ದೋಣಿ ಇಳಿಸುವ ಮುಂಚೆ
ದೋಣಿಗೆ ನೀರು ಇಳಿಸಿ ನೋಡು," ಎಂದಿದ್ದ ಕಾಯ್ತಾನ.
ಮರಳಿನ ಚೀಲಗಳ ಮೇಲೆ ಕೂರಿಸಿ,
ಟ್ಯಾಂಕರಿನ ತಳದಲ್ಲಿ ಉಳಿದದ್ದನ್ನು
ಪೈಪಿನಿಂದ ಬಿಟ್ಟೆ, ಗೇಣುದ್ದ.
ಓಣಿಯ ಹುಡುಗರು ಸಾಲಾಗಿ ಗಲ್ಲವಿಟ್ಟು ನೋಡಿದರು
ಒಳಗೆ ಕಡಲಿರುವ ದೋಣಿಯನ್ನು.

ನಾನು ಕೆಳಗೆ, ಬೆನ್ನ ಮೇಲೆ, ಟಾರ್ಚು ಹಿಡಿದು.
ಮೂತಿ ಒಣ. ಪಕ್ಕೆ ಒಣ.
ಹೊಸ ಹಿಂದಲಗೆ ಬಡಿದೆ: ಠಕ್.
ಮೇಲೆ ಏನೋ ಚಳಕ್ ಎಂದಿತು.
ಶಿವಲೀಲಾ, ಸೀರೆ ಎತ್ತಿ ಕಟ್ಟಿ, ಒಳಗಿಳಿದಿದ್ದಳು.
ಮಾರುತಿಯ ಚಕ್ರ ಎಡಕ್ಕೆ ತಿರುಗಿದ ಕಿರ್ರ್,
ಬಲಕ್ಕೆ ತಿರುಗಿದ ಕಿರ್ರ್.
"ಹಾರನ್ ಎಲ್ಲೈತ್ರೀ ಇದಕ್ಕ?"

ಡ್ರೇನಿನ ಬಿರಡೆಯ ಪಕ್ಕ, ನನ್ನ ಮೂಗಿನ ನೇರಕ್ಕೆ,
ಒಂದು ಹನಿ ಹಿಗ್ಗುತ್ತಿತ್ತು,
ಬೀಳಲೋ ಬೇಡವೋ ಎಂದು.
ಸೀಮೆಸುಣ್ಣ ಹಿಡಿದು ಕಾದೆ.